ಆ ಹೆಸರಿನವರು ಇಲ್ಲ

ಹೋದ ತಿಂಗಳು ಒಂದು ಬೆಳಿಗ್ಗೆ ಗೌಡರು ಫೋನ್ ಮಾಡಿದರು. ಹಲೋ ಎನ್ನುವುದು, ಆರೋಗ್ಯ ವಿಚಾರಿಸುವುದು ಅವರ ಅಭ್ಯಾಸವಲ್ಲ. "ಮೇಡಂ, ಓಟಿನ ಪಟ್ಟಿ ನೋಡಾಕೆ ಬತ್ತಾವ್ರೆ ನಾಳೀಕೆ. ನಿಮ್ಮೆಸ್ರು ಇನ್ನೂ ಇಲ್ಲೇ ಐತೆ. ವಸಿ ಬಂದೋಗಿ" ಎಂದು ಇಟ್ಟುಬಿಟ್ಟರು. ನಾನು ಯಲಹಂಕದಲ್ಲಿ ತಂಗಿಯ ಮನೆಯ ಮೇಲ್ಮಹಡಿಗೆ ಬಂದು ಎರಡು ವರ್ಷವಾಗಿದೆ. ಪಟ್ಟಿಯಲ್ಲಿ ವಿಳಾಸ ಬದಲಾಯಿಸಬೇಕು ಎಂದುಕೊಳ್ಳುವುದರಲ್ಲೇ ಆ ಎರಡು ವರ್ಷ ಕಳೆದವು. ಮರುದಿನ ತಿಂಡಿ ಮುಗಿಸಿ ಬಸ್ಸು ಹತ್ತಿದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಎಂದಿನಂತೆ ಅರ್ಧ ಗಂಟೆ ನಿಂತು, ಸಂಜಯನಗರದಲ್ಲಿ ಇಳಿದು, ನಮ್ಮ ಹಳೆಯ ಲೇಔಟಿನ ಇಳಿಜಾರಿಗೆ ಕಾಲಿಟ್ಟೆ.

ಮೊದಲು ಎದುರಾದದ್ದು ವಾಸನೆ. ಹೊಂಗೆ ಹೂವು ಮರದಲ್ಲಿದ್ದಾಗ ಯಾರ ತಂಟೆಗೂ ಬರುವುದಿಲ್ಲ. ರಸ್ತೆಗೆ ಬಿದ್ದು, ಹತ್ತು ಜನ ತುಳಿದು, ಬಿಸಿಲು ತಾಗಿದ ಮೇಲೆ ಒಂದು ಹಸಿ ವಾಸನೆ ಬಿಡುತ್ತದೆ. ಸುವಾಸನೆ ಎನ್ನುವ ಹಾಗಿಲ್ಲ, ನಾತ ಎಂದರೆ ಅನ್ಯಾಯವಾಗುತ್ತದೆ. ಆ ವಾಸನೆ ಬಂದರೆ ನನಗೆ ಒಂದೇ ಬೇಸಿಗೆ ನೆನಪಾಗುವುದು. ಹೋದ ಲೋಕಸಭೆ ಚುನಾವಣೆಯದಲ್ಲ, ಅದರ ಹಿಂದಿನದು. ಆ ವರ್ಷ ನಾನು ಒಂದು ತಪ್ಪು ಮಾಡಿದೆ. ಅಂಥ ದೊಡ್ಡ ತಪ್ಪೇನಲ್ಲ ಎಂದು ಬಹಳ ಜನ ಸಮಾಧಾನ ಹೇಳಿದ್ದಾರೆ. ಅವರ್ಯಾರೂ ಇನ್ನೊಬ್ಬರ ಹೆಸರನ್ನು ಪಟ್ಟಿಯಿಂದ ತೆಗೆಸಿದವರಲ್ಲ.

ಲೇಔಟಿನ ನಡುವೆ ಒಂದು ಪುಟ್ಟ ಪಾರ್ಕು, ಅದರ ಗೇಟಿನ ಪಕ್ಕ ಈ ಹೊಂಗೆ ಮರ, ಮರದ ಕೆಳಗೆ ಒಂದು ಸಿಮೆಂಟ್ ಬೆಂಚು. ವಾಕಿಂಗ್ ಮುಗಿಸಿದವರು ಆರೂವರೆಯಿಂದ ಎಂಟರ ತನಕ ಅಲ್ಲಿ ಕೂತು ದೇಶ ಆಳುತ್ತಿದ್ದರು. ಬಂದು ಹೋಗುವವರು ಎಷ್ಟೋ ಜನ. ಕಾಯಂ ಆಗಿ ಕೂರುತ್ತಿದ್ದವರು ನಾವು ನಾಲ್ವರು. ಬೆಂಚಿನ ಬಲತುದಿಯಲ್ಲಿ ರಾಯರು. ಇನ್ಶೂರೆನ್ಸ್ ಕೆಲಸದಿಂದ ನಿವೃತ್ತರಾದವರು, ಆಗಿನ ಸರ್ಕಾರದ ಕಟ್ಟಾ ಪಕ್ಷಪಾತಿ. ಎಡತುದಿಯಲ್ಲಿ ವಾಚ್ ಸಾಹೇಬರು. ಗಡಿಯಾರದ ಕಾರ್ಖಾನೆಯೊಂದರಲ್ಲಿ ಇಡೀ ಆಯುಸ್ಸು ಸವೆಸಿದವರು, ಈಗಲೂ ಕೈಗೆ ಕೀಲಿ ಕೊಡುವ ವಾಚೇ ಕಟ್ಟುವವರು. ಅವರು ವಿರೋಧ ಪಕ್ಷದ ಕಡೆ. ಯಾವ ವಿರೋಧ ಪಕ್ಷ ಎಂದು ಕೇಳಿದರೆ ದಿನಕ್ಕೊಂದು ಹೇಳುತ್ತಿದ್ದರು. ಇಬ್ಬರ ನಡುವೆ, ಕಾಫಿ ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ನಾನು.

ನನ್ನನ್ನು ಎಲ್ಲರೂ ಟೆಲಿಫೋನ್ ಮೇಡಂ ಎನ್ನುತ್ತಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ವಿಚಾರಣೆ ವಿಭಾಗದಲ್ಲಿದ್ದೆ. ಯಾರೋ ಎಲ್ಲಿಂದಲೋ ಒಂದು ಹೆಸರು, ಒಂದು ಬಡಾವಣೆ ಹೇಳುತ್ತಾರೆ. ಪುಸ್ತಕ ತೆಗೆದು ನಂಬರು ಹುಡುಕಿ ಕೊಡಬೇಕು. ಸಿಕ್ಕದಿದ್ದರೆ ಹೇಳಲು ಒಂದು ವಾಕ್ಯ ಕಲಿಸಿಕೊಟ್ಟಿದ್ದರು: "ಕ್ಷಮಿಸಿ, ಆ ಹೆಸರಿನವರು ಇಲ್ಲ." ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ. ಏರಿಳಿತ ಇರಬಾರದು, ಅನುಮಾನವೂ ಕೇಳಿಸಬಾರದು. ಅನುಮಾನ ಕೇಳಿಸಿದರೆ ಆ ಕಡೆಯವರು ಇನ್ನೊಮ್ಮೆ ನೋಡಿ ಎನ್ನುತ್ತಾರೆ, ಕಾಯುತ್ತಿರುವ ಕರೆಗಳ ಸಾಲು ಬೆಳೆಯುತ್ತದೆ. ಆ ವಾಕ್ಯವನ್ನು ನಾನು ಚೆನ್ನಾಗಿ ಹೇಳುತ್ತಿದ್ದೆ ಎಂದು ನನಗೆ ಹೆಮ್ಮೆಯಿತ್ತು.

ನಾಲ್ಕನೆಯವರು ಗೌಡರು. ಲೇಔಟು ಆಗುವ ಮೊದಲು ಅಷ್ಟೂ ಜಾಗ ಅವರ ಅಪ್ಪನ ರಾಗಿ ಹೊಲ. ರಾಯರ ಮನೆ ಇರುವಲ್ಲಿ ಹುಣಸೆ ಮರವಿತ್ತು, ಪಾರ್ಕು ಇರುವಲ್ಲಿ ಕಣ ಮಾಡುತ್ತಿದ್ದೆವು ಎಂದು ಅವರೇ ತೋರಿಸಿದ್ದರು. ಹೊಲ ಸೈಟುಗಳಾಗಿ ಕೈಬಿಟ್ಟ ಮೇಲೂ ಇಳಿಜಾರಿನ ಕೊನೆಯಲ್ಲಿ, ಹಳೇ ಹಳ್ಳಿಯ ತುದಿಯಲ್ಲಿ, ತಮ್ಮ ಹೆಂಚಿನ ಮನೆಯಲ್ಲೇ ಮಗ ಸೊಸೆಯ ಜೊತೆ ಉಳಿದಿದ್ದರು. ಊರಿನವರು ಅವರನ್ನು ಅಪ್ಪಯ್ಯಣ್ಣ ಎಂದು ಕರೆದರೆ, ನಮ್ಮ ಬೆಂಚಿಗೆ ಅವರು ಬರೀ ಗೌಡರು.

ಬೆಂಚಿಗೆ ಒಂದು ನಿಯಮವಿತ್ತು. ಲೇಔಟಿನೊಳಗಿನ ವಿಷಯ ಎತ್ತುವಂತಿಲ್ಲ. ಹಿಂದೊಮ್ಮೆ ಬೀದಿನಾಯಿಗೆ ಅನ್ನ ಹಾಕಬೇಕೋ ಬೇಡವೋ ಎಂಬ ಚರ್ಚೆ ನಡೆದು ನಮ್ಮ ನಿವಾಸಿಗಳ ಸಂಘ ಎರಡು ಹೋಳಾಗಿತ್ತು. ಆವತ್ತು ಮಾತು ಬಿಟ್ಟವರು ಇವತ್ತಿಗೂ ಎದುರು ಸಿಕ್ಕರೆ ಆಕಾಶ ನೋಡುತ್ತಾರೆ. ದೇಶದ ವಿಷಯ ಹಾಗಲ್ಲ. ಗಡಿ, ತೆರಿಗೆ, ಮೀಸಲಾತಿ, ಯಾರು ಪ್ರಧಾನಿಯಾಗಬೇಕು, ಯಾರು ಆಗಲೇಬಾರದು — ಎಷ್ಟು ಬೇಕಾದರೂ ಕೂಗಾಡಿ, ಎಂಟು ಗಂಟೆಗೆ ಎದ್ದು ಪಂಚೆ ಕೊಡವಿ ಹೋಗಿ, ಮರುದಿನ ಒಂದೇ ಫ್ಲಾಸ್ಕಿನ ಕಾಫಿ ಕುಡಿಯಬಹುದು. ಡೆಲ್ಲಿ ದೂರವಿದ್ದದ್ದು ನಮ್ಮ ಸ್ನೇಹಕ್ಕೆ ಒಳ್ಳೆಯದಾಗಿತ್ತು.

ಈ ನಿಯಮ ಮುರಿಯುತ್ತಿದ್ದವರು ಗೌಡರೊಬ್ಬರೇ. ಅವರಿಗಿದ್ದದ್ದು ಒಂದೇ ವಿಷಯ, ಮೋರಿ. ರಸ್ತೆಯ ಎರಡೂ ಕಡೆಯ ಮೋರಿಯ ಮೇಲೆ ನಾವೆಲ್ಲ ಕಲ್ಲು ಚಪ್ಪಡಿ ಹಾಸಿ, ಅದಕ್ಕೆ ಸಿಮೆಂಟ್ ಬಳಿದು, ಕಾರು ಸ್ಕೂಟರು ಹತ್ತಿಸಲು ದಾರಿ ಮಾಡಿಕೊಂಡಿದ್ದೆವು. ಒಳಗೆ ಹೂಳು ತುಂಬಿದರೆ ತೆಗೆಯಲು ಜಾಗವಿಲ್ಲ. ಮಳೆ ಬಂದರೆ ನೀರು ಮೋರಿ ಬಿಟ್ಟು ರಸ್ತೆಯಲ್ಲೇ ಇಳಿದು, ಹೆಬ್ಬಾಳ ಕೆರೆಯ ಕಡೆಗೆ ಹೋಗುವ ದೊಡ್ಡ ಕಾಲುವೆ ಸೇರುವ ಮೊದಲು ಗೌಡರ ಮನೆ ಹೊಕ್ಕು ಹೋಗುತ್ತಿತ್ತು. "ಡೆಲ್ಲಿ ಎಲ್ಲೂ ಓಗಾಕಿಲ್ಲ ರಾಯರೇ, ಅಲ್ಲೇ ಇರ್ತದೆ. ಮಳೆ ಬರಾದ್ರೊಳ್ಗೆ ಈ ಚಪ್ಡಿ ಕತೆ ನೋಡಾನ" ಎನ್ನುತ್ತಿದ್ದರು. ರಾಯರು ತೋರುಬೆರಳು ಎತ್ತಿ, "ಗೌಡ್ರೇ, ಲೋಕಲ್ ಮ್ಯಾಟರ್" ಎಂದರೆ ಗೌಡರು ಸುಮ್ಮನಾಗುತ್ತಿದ್ದರು. ನನ್ನ ಮನೆ ಮುಂದೆಯೂ ಒಂದು ಚಪ್ಪಡಿಯಿತ್ತು. ಆದ್ದರಿಂದ ಆ ನಿಯಮ ನನಗೂ ಅನುಕೂಲವಾಗಿತ್ತು.

ತಪ್ಪು ನಡೆದದ್ದು ಸಂಕ್ರಾಂತಿ ಕಳೆದ ಮೇಲೆ. ಹೊಂಗೆ ಎಲೆ ಉದುರಿಸಿಕೊಂಡು ಬೆಂಚಿನ ಮೇಲೆ ಪೂರ್ತಿ ಬಿಸಿಲು ಬೀಳುತ್ತಿತ್ತು. ಮತದಾರರ ಪಟ್ಟಿ ಸರಿನೋಡುವ ಕೆಲಸಕ್ಕೆ ಒಬ್ಬಳು ಅಂಗನವಾಡಿ ಕಾರ್ಯಕರ್ತೆ ಬಂದಳು. ಕೈಯಲ್ಲಿ ದಪ್ಪ ಕಟ್ಟು, ಕಾಲಲ್ಲಿ ಹರಿದ ಚಪ್ಪಲಿ. ಆಗ ಸಂಘದ ಕಾರ್ಯದರ್ಶಿ ನಾನೇ. ಮನೆಮನೆಗೆ ಹೋಗುತ್ತೇನೆ ಎಂದವಳನ್ನು ನಾನೇ ತಡೆದು ಕೂರಿಸಿ ಕಾಫಿ ಕೊಟ್ಟೆ. ಹೆಸರು ಹುಡುಕುವುದೇ ನನ್ನ ಕೆಲಸವಾಗಿತ್ತಮ್ಮ, ನೀನು ಓದು, ನಾನು ಹೇಳುತ್ತೇನೆ ಎಂದೆ. ಅವಳು ಓದುತ್ತ ಹೋದಳು. ಇದ್ದಾರೆ, ತೀರಿಕೊಂಡರು, ಮದುವೆಯಾಗಿ ಮೈಸೂರಿಗೆ ಹೋದಳು, ಇದ್ದಾರೆ, ಎಂದು ನಾನು ಹೇಳುತ್ತ ಹೋದೆ. ಎಷ್ಟೋ ವರ್ಷದ ಮೇಲೆ ಹಳೆಯ ಕುರ್ಚಿಯಲ್ಲಿ ಕೂತಂತಾಗಿ ಬಹಳ ಖುಷಿಯಾಗಿತ್ತು.

"ಮುನಿಹನುಮಪ್ಪ, ತಂದೆ ದೊಡ್ಡಪಿಳ್ಳಪ್ಪ, ಮನೆ ನಂಬರ್ ಏಳು" ಎಂದು ಓದಿದಳು.

ಏಳನೇ ನಂಬರು ಮೊದಲನೇ ಕ್ರಾಸಿನ ನಾಲ್ಕಂತಸ್ತಿನ ಅಪಾರ್ಟ್‌ಮೆಂಟು. ಅಲ್ಲಿದ್ದವರೆಲ್ಲ ಹೊರಗಿನಿಂದ ಬಂದ ಬಾಡಿಗೆದಾರರು. ಪಟ್ಟಿಯ ಚಿತ್ರ ನೋಡಿದೆ. ನಕಲು ಮಾಡಿ ಮಾಡಿ ಮುಖ ಮಸಿಯಾಗಿತ್ತು, ದಪ್ಪ ಮೀಸೆ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ರಾಯರೂ ಸಾಹೇಬರೂ ಚುನಾವಣೆಯನ್ನು ಎಷ್ಟು ಹಂತದಲ್ಲಿ ಮಾಡಬೇಕು ಎಂದು ಜಗಳವಾಡುತ್ತಿದ್ದರು. ನಾನು ಕೇಳಿದ್ದಕ್ಕೆ ಜಗಳ ನಿಲ್ಲಿಸಿ, ಅಂಥ ಹೆಸರು ನಮ್ಮ ಲೇಔಟಿನಲ್ಲಿ ಕೇಳಿಯೇ ಇಲ್ಲ ಎಂದರು. ಅವರಿಬ್ಬರೂ ಒಂದೇ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೌಡರು ಅವತ್ತು ಬೆಂಚಿಗೆ ಬಂದಿರಲಿಲ್ಲ, ಹುಣಸಮಾರನಹಳ್ಳಿಯ ಮಗಳ ಮನೆಗೆ ಹೋಗಿದ್ದರು.

ಆಕೆಗೆ ಅನುಮಾನವಿತ್ತು. "ಮೇಡಂ, ಒಂದ್ಸಲ ಹೋಗಿ ಕೇಳ್ಕೊಂಡು ಬರ್ಲಾ?" ಎಂದಳು.

"ಆ ಹೆಸರಿನವರು ಇಲ್ಲಮ್ಮ" ಎಂದೆ. ಅದೇ ಹಳೆಯ ಧ್ವನಿ, ಏರಿಳಿತವಿಲ್ಲದೆ. ಆಕೆ ಗುರುತು ಹಾಕಿಕೊಂಡಳು. ಸ್ಥಳೀಯರೊಬ್ಬರ ಸಹಿ ಬೇಕೆಂದಳು, ಮಾಡಿಕೊಟ್ಟೆ. ಆಮೇಲೆ ನಿಯಮದ ಪ್ರಕಾರ, ಹೆಸರು ತೆಗೆಯಲು ಆಕ್ಷೇಪಣೆಯಿದ್ದರೆ ತಿಳಿಸಿ ಎಂಬ ಒಂದು ನೋಟೀಸು ಬಂದು ಏಳನೇ ನಂಬರಿನ ಅಪಾರ್ಟ್‌ಮೆಂಟಿನ ಗೇಟಿಗೆ ಅಂಟಿತು. ನಾನು ದಿನವೂ ಅದರ ಮುಂದೆಯೇ ವಾಕಿಂಗ್ ಹೋಗುತ್ತಿದ್ದೆ. ಬಿಸಿಲಿಗೆ ಬಣ್ಣ ಹೋಗಿ, ಒಂದು ದಿನ ಅದು ಇರಲಿಲ್ಲ.

ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರಿ ಹೂ ಬಿಟ್ಟಿತು, ಬೆಂಚು ಕಾವೇರಿತು. ಸಾಹೇಬರು ಉರ್ದು ಪೇಪರಿನಿಂದ ಸುದ್ದಿ ಕತ್ತರಿಸಿ ತಂದು ಕನ್ನಡದಲ್ಲಿ ಅರ್ಥ ಹೇಳುವರು. ರಾಯರು ಮೊಬೈಲಿನಲ್ಲಿ ಬಂದ ವಿಡಿಯೋ ತೋರಿಸಿ ಅದೆಲ್ಲ ಸುಳ್ಳು ಎನ್ನುವರು. ಯಾವ ರಾಜ್ಯದಲ್ಲಿ ಯಾರಿಗೆ ಎಷ್ಟು ಸೀಟು ಎಂದು ರಾಯರು ಒಂದು ಡೈರಿಯಲ್ಲಿ ಬರೆದಿಟ್ಟು, ಎಣಿಕೆಯ ದಿನದ ತನಕ ಯಾರೂ ನೋಡಬಾರದೆಂದು ರಬ್ಬರ್ ಬ್ಯಾಂಡ್ ಹಾಕಿದ್ದರು. ಗೌಡರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಿಮ್ಮ ಓಟು ಯಾರಿಗೆ ಎಂದು ಕೇಳಿದರೆ ನಕ್ಕು, ಅದನ್ನು ಹೆಂಡತಿಗೂ ಹೇಳಿರಲಿಲ್ಲ ಎನ್ನುತ್ತಿದ್ದರು. ಇಪ್ಪತ್ತೊಂದು ತುಂಬಿದ ವರ್ಷದಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಹೆಂಡತಿ ತೀರಿಕೊಂಡ ವಾರದಲ್ಲಿ ಪಂಚಾಯಿತಿ ಚುನಾವಣೆ ಬಂದಾಗ ಸೂತಕದಲ್ಲೇ ಹೋಗಿ ಸಾಲಿನ ಕೊನೆಯಲ್ಲಿ ದೂರ ನಿಂತು ಓಟು ಹಾಕಿ ಬಂದಿದ್ದರಂತೆ. ಹೊಲ ಹೋಯಿತು, ಕಣ ಹೋಯಿತು, ಹಳ್ಳಿ ಹೋಗಿ ವಾರ್ಡ್ ಆಯಿತು. ನಂದು ಅಂತ ಇನ್ನು ಉಳಿದಿರೋದು ಅದೊಂದೇ ಎಂದು ಒಮ್ಮೆ ಹೇಳಿದ್ದರು. ನಾವು ಕೇಳಿಸಿಕೊಂಡು ಮತ್ತೆ ಡೆಲ್ಲಿಗೆ ಹೊರಟೆವು.

ಮತದಾನದ ದಿನ ನಾಲ್ವರೂ ಒಟ್ಟಿಗೆ ಹೋದೆವು. ಏಳು ಗಂಟೆಗೇ ಬಿಸಿಲು ಚುರುಕಾಗಿತ್ತು. ಗೌಡರು ಒಗೆದು ಮಡಿ ಮಾಡಿದ ಪಂಚೆ ಉಟ್ಟು, ಮದುವೆಗೆ ಹಾಕುವ ಜರಿ ಅಂಚಿನ ಶಲ್ಯ ಹೊದ್ದು ಬಂದಿದ್ದರು. ಶಾಲೆಯ ಕೋಣೆಯಲ್ಲಿ ಮೊದಲು ನಾನು ಓಟು ಹಾಕಿ, ಬೆರಳಿನ ಶಾಯಿ ಒಣಗಲೆಂದು ಊದುತ್ತ ಬಾಗಿಲ ಬಳಿ ನಿಂತೆ. ಗೌಡರು ಗುರುತಿನ ಚೀಟಿ ಕೊಟ್ಟರು. ಗುಮಾಸ್ತ ಗಟ್ಟಿಯಾಗಿ ಓದಿದ: "ಮುನಿಹನುಮಪ್ಪ, ತಂದೆ ದೊಡ್ಡಪಿಳ್ಳಪ್ಪ."

ನಾನು ಊದುವುದನ್ನು ನಿಲ್ಲಿಸಿದೆ.

ಗುಮಾಸ್ತ ಪಟ್ಟಿಯ ಮೇಲೆ ಬೆರಳು ಓಡಿಸಿ, ಇನ್ನೊಂದು ಹಾಳೆ ತಿರುವಿ, "ಡಿಲೀಟ್ ಆಗಿದೆ ಯಜಮಾನ್ರೇ" ಎಂದ.

"ಅಂಗಂದ್ರೆ?"

"ಈ ವಿಳಾಸದಲ್ಲಿ ನೀವು ಇಲ್ಲ ಅಂತ."

"ನಾನ್ ಇಲ್ಲೇ ನಿಂತಿವ್ನಲ್ಲಪ್ಪ" ಎಂದರು ಗೌಡರು. ಧ್ವನಿ ಎತ್ತಲಿಲ್ಲ. ಶಲ್ಯ ಸರಿಮಾಡಿಕೊಂಡು ಮತ್ತೆ ನೆಟ್ಟಗೆ ನಿಂತರು, ಸರಿಯಾಗಿ ಕಾಣದೆ ಅವನು ಹಾಗೆ ಹೇಳುತ್ತಿರಬಹುದು ಎನ್ನುವಂತೆ. ಹಿಂದಿನ ಸಾಲಿನವರು ಗೊಣಗಿದ ಮೇಲೆ ಪಕ್ಕಕ್ಕೆ ಬಂದರು. ಹೊರಗೆ ರಾಯರು ಏನಾಯಿತೆಂದು ಕೇಳುವಾಗ ಗೌಡರು ನಮ್ಮ ಮೂವರ ಬೆರಳುಗಳನ್ನು ನೋಡಿದರು. ನನಗೆ ನಾಚಿಕೆಯಾಯಿತು ಎಂದು ಬರೆಯಬೇಕು. ನಿಜ ಹೇಳಬೇಕೆಂದರೆ ಮೊದಲು ಆದದ್ದು ಭಯ. ಯಾರಿಗಾದರೂ ನೆನಪಾಗುತ್ತದೆಯೇ ಎಂದು ರಾಯರ ಮುಖ, ಸಾಹೇಬರ ಮುಖ ನೋಡಿದೆ. ಅವರಿಬ್ಬರಿಗೂ ನೆನಪಿರಲಿಲ್ಲ.

ಸಂಜೆ ಮನೆಯಲ್ಲಿ ಸಂಘಕ್ಕೆ ಕೊಟ್ಟಿದ್ದ ಮತದಾರರ ಪಟ್ಟಿಯ ಪ್ರತಿ ತೆಗೆದು ನೋಡಿದೆ. ಹಳ್ಳಿ ಇದ್ದಾಗಿನ ಮನೆ ನಂಬರು ಏಳು ಗೌಡರದು. ಲೇಔಟು ಆದ ಮೇಲೆ ಬಂದ ಏಳು ಅಪಾರ್ಟ್‌ಮೆಂಟಿನದು. ಮಗ ಸೊಸೆಯ ಹೆಸರು ಗೌಡರ ಮನೆಗೆ ಆಮೇಲೆ ಕೊಟ್ಟ ಹೊಸ ನಂಬರಿನಲ್ಲಿ ಸೇರಿ, ಅವರದು ಮಾತ್ರ ಹಳೆಯದರಲ್ಲಿ ಉಳಿದಿತ್ತು. ನಾಲ್ಕು ಪುಟ ಮುಂದೆ ಮಗನ ಹೆಸರಿನ ಪಕ್ಕ "ತಂದೆ: ಮುನಿಹನುಮಪ್ಪ" ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಮೂವತ್ತು ವರ್ಷ ಹೆಸರು ಹುಡುಕಿದವಳು ನಾಲ್ಕು ಪುಟ ತಿರುವಿರಲಿಲ್ಲ.

ಮೂರು ದಿನ ಗೌಡರು ಬೆಂಚಿಗೆ ಬರಲಿಲ್ಲ. ಆ ಮೂರೂ ದಿನ ಬೆಂಚಿನಲ್ಲಿ ಅವರದೇ ಮಾತು. ಇದು ದೊಡ್ಡ ಸಂಚು, ದೇಶದ ಉದ್ದಗಲಕ್ಕೂ ಹೀಗೇ ನಡೆದಿದೆ ಎಂದು ಸಾಹೇಬರು. ಇಷ್ಟು ದೊಡ್ಡ ದೇಶದಲ್ಲಿ ಪಟ್ಟಿ ಕ್ಲೀನ್ ಮಾಡುವಾಗ ಒಂದೆರಡು ತಪ್ಪು ಸಹಜ, ಅದಕ್ಕೆ ವ್ಯವಸ್ಥೆಯನ್ನೇ ಬೈಯಬಾರದು ಎಂದು ರಾಯರು. ಗೌಡರ ಓಟು ಹೋದದ್ದನ್ನೂ ಇಬ್ಬರೂ ಡೆಲ್ಲಿಗೆ ತೆಗೆದುಕೊಂಡು ಹೋದರು. ಅದರ ನಿಜವಾದ ಕಾರಣ ಅವರ ನಡುವೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿತ್ತು.

ನಾಲ್ಕನೇ ದಿನ ಗೌಡರು ಒಂದು ಹಾಳೆ ಹಿಡಿದು ಬಂದರು. ಕಚೇರಿಗೆ ಅಲೆದು ಪಡೆದ ನಕಲು. ಬೆಂಚಿನ ಮೇಲೆ ಕೂರದೆ ನಿಂತೇ ಕೇಳಿದರು. "ಈ ಸರೋಜಾ ಅಂದ್ರೆ ಯಾರು? ನಾನಿಲ್ಲ ಅಂತ ಬರ್ಸಿ ಸೈನ್ ಆಕವ್ರೆ. ನಮ್ ಲೇಔಟ್ನೋರೇ ಅಂತೆ."

ರಾಯರು ಕನ್ನಡಕ ಹಾಕಿಕೊಂಡು ಹಾಳೆ ನೋಡಿದರು. ಸಾಹೇಬರೂ ಬಾಗಿ ನೋಡಿದರು. ಎಂಟು ವರ್ಷ ನನ್ನ ಕಾಫಿ ಕುಡಿದವರು. ಅವರಿಗೂ ನನ್ನ ಹೆಸರು ಗೊತ್ತಿರಲಿಲ್ಲ, ಸಂಘದ ಕಾಗದಗಳಲ್ಲೂ ನಾನು ಬರೀ ಕಾರ್ಯದರ್ಶಿ. ಮೂರನೇ ಕ್ರಾಸಿನಲ್ಲಿ ಒಬ್ಬರು ಸರೋಜಾ ಟೀಚರ್ ಇದ್ದಾರಲ್ಲ, ಅವರೇ ಇರಬೇಕು ಎಂದರು ರಾಯರು. ಕೇಳುತ್ತೇನೆ ಎಂದು ಗೌಡರು ಹಾಳೆ ಮಡಿಸಿ ಅಂಗಿ ಜೇಬಿಗೆ ಹಾಕಿಕೊಂಡರು. ಬಾಯಿ ಬಿಡಲು ಅಷ್ಟು ಹೊತ್ತು ಸಾಕಾಗಿತ್ತು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿ ಮನೆಗೆ ಹೋದೆ.

ಅವತ್ತು ಸಂಜೆ ನಾಲ್ಕಕ್ಕೆ ಮೋಡ ಕವಿದು, ಆ ವರ್ಷದ ಮೊದಲ ಮಳೆ ಬಂತು. ಗಾಳಿ, ಆಲಿಕಲ್ಲು, ಒಂದು ಗಂಟೆ ಬಿಡದೆ ಸುರಿಯಿತು. ಕಿಟಕಿಯಲ್ಲಿ ನಿಂತು ನೋಡಿದೆ. ರಸ್ತೆಯ ನೀರು ನನ್ನ ಚಪ್ಪಡಿಯ ಮೇಲೆ ಹಾರಿ, ರಾಶಿ ರಾಶಿ ಹೊಂಗೆ ಹೂ ಹೊತ್ತುಕೊಂಡು ಇಳಿಜಾರಿನಲ್ಲಿ ಹೋಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದು ಎಂಟು ವರ್ಷದಿಂದ ಕೇಳಿದ್ದೆ. ನೋಡಿರಲಿಲ್ಲ.

ಬೆಳಿಗ್ಗೆ ಬೆಂಚಿಗೆ ಹೋಗದೆ ಗೌಡರ ಮನೆಗೆ ಹೋದೆ. ರಸ್ತೆಗೆ ಡಾಂಬರು ಹಾಕಿ ಹಾಕಿ ಎತ್ತರವಾಗಿ, ಅವರ ಮನೆಯ ಜಗುಲಿ ಎರಡು ಮೆಟ್ಟಿಲು ಕೆಳಗಾಗಿತ್ತು. ಸೊಸೆ ಬಕೆಟ್ಟಿನಲ್ಲಿ ಕೆಸರು ನೀರು ತೋಡಿ ಹೊರಗೆ ಚೆಲ್ಲುತ್ತಿದ್ದಳು. ನೆನೆದ ರಾಗಿ ಮೂಟೆ ಬಿಚ್ಚಿ ಚಾಪೆಯ ಮೇಲೆ ಹರಡಿದ್ದರು. ಗೌಡರು ಮೊಣಕಾಲ ತನಕ ಪಂಚೆ ಎತ್ತಿ ಕಟ್ಟಿ, ಕಡ್ಡಿಪೊರಕೆಯಲ್ಲಿ ಹಜಾರದ ಕೆಸರು ನೂಕುತ್ತಿದ್ದರು. ಆ ಕೆಸರಿನ ತುಂಬ ಹೊಂಗೆ ಹೂವಿತ್ತು. ಮನೆಯೆಲ್ಲ ಅದೇ ವಾಸನೆ.

"ಗೌಡ್ರೇ, ಆ ಸರೋಜಾ ನಾನೇ" ಎಂದೆ.

"ಯಾವ ಸರೋಜಾ?" ಎಂದರು, ಪೊರಕೆ ನಿಲ್ಲಿಸದೆ.

"ಕಾಗದಕ್ಕೆ ಸೈನ್ ಹಾಕಿದವಳು. ಟೀಚರ್ ಅಲ್ಲ. ನಿಮ್ಮ ಹೆಸರು ನನಗೆ ಗೊತ್ತಿರಲಿಲ್ಲ."

ಪೊರಕೆ ನಿಂತಿತು. ಸೊಸೆಯೂ ಬಕೆಟ್ಟು ಕೆಳಗಿಟ್ಟಳು. ಗೌಡರು ನನ್ನ ಕಡೆ ತಿರುಗಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಎಂಟೊರ್ಸ ಆಯ್ತಲ್ಲ ಮೇಡಂ, ಒಂದೇ ಬೆಂಚಲ್ಲಿ ಕುಂತು" ಎಂದರು. ಆಮೇಲೆ, "ನಿಮ್ಮೆಸ್ರು ನಂಗೂ ಗೊತ್ತಿರ್ಲಿಲ್ಲ ಅನ್ನಿ. ಆದ್ರೆ ಯಾರಾನಾ ಬಂದು ಕೇಳಿದ್ರೆ ನಾನು ಇಲ್ಲ ಅಂತಿರ್ಲಿಲ್ಲ. ಇರಿ, ಕೇಳ್ಕಂಡ್ ಬತ್ತೀನಿ ಅಂತಿದ್ದೆ."

ಅವರು ಮತ್ತೆ ಎರಡು ಸಲ ಪೊರಕೆ ಆಡಿಸಿ, ಬಂದಿದ್ದೀರಲ್ಲ, ನೋಡಿಕೊಂಡು ಹೋಗಿ ಎಂದು ಗೋಡೆ ತೋರಿಸಿದರು. ಸುಣ್ಣದ ಗೋಡೆಯ ಮೇಲೆ ಅಡ್ಡಡ್ಡ ಇದ್ದಿಲಿನ ಗೆರೆಗಳು. ಪ್ರತಿ ಸಲ ನೀರು ಎಲ್ಲಿ ತನಕ ಬಂತೋ ಅಲ್ಲಿಗೊಂದು ಗೆರೆ. ಎಲ್ಲಕ್ಕಿಂತ ಕೆಳಗಿನದು ನಾವೆಲ್ಲ ಮನೆ ಕಟ್ಟುವ ಮೊದಲಿನದು, ನನ್ನ ಹಿಮ್ಮಡಿಯಷ್ಟು ಎತ್ತರ. ಹಿಂದಿನ ಸಂಜೆಯದು ಮೊಣಕಾಲಿಗಿಂತ ಮೇಲಿತ್ತು.

ಮರುದಿನ ಬೆಂಚಿನಲ್ಲಿ ರಾಯರಿಗೂ ಸಾಹೇಬರಿಗೂ ನಡೆದದ್ದನ್ನು ಹೇಳಿದೆ. ರಾಯರು ಕನ್ನಡಕ ಒರೆಸಿಕೊಂಡರು. ಮನುಷ್ಯರಿಂದ ತಪ್ಪಾಗುವುದು ಸಹಜ, ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಇಬ್ಬರೂ ಹೇಳಿದರು. ಮರುವಾರ ಗಾರೆಯವನನ್ನು ಕರೆಸಿ ನನ್ನ ಮನೆ ಮುಂದಿನ ಚಪ್ಪಡಿ ಒಡೆಸಿದೆ. ಒಳಗೆ ಮೋರಿಯೇ ಇರಲಿಲ್ಲ, ಗಟ್ಟಿಯಾದ ಮಣ್ಣು, ಪ್ಲಾಸ್ಟಿಕ್ಕು, ಎರಡು ಶಟಲ್ ಕಾಕ್, ಆ ಚುನಾವಣೆಯ ಎರಡೂ ಪಕ್ಷಗಳ ಕರಪತ್ರ. ಅದನ್ನು ನೋಡಲು ರಾಯರು, ಸಾಹೇಬರು ಇಬ್ಬರೂ ಬಂದರು. ನೀವು ಹೀಗೆ ಶುರು ಮಾಡಿದರೆ ನಾಳೆ ಎಲ್ಲರೂ ನಮ್ಮ ಮನೆ ಕಡೆ ಬೆರಳು ತೋರಿಸುತ್ತಾರೆ, ಕಾರು ಎಲ್ಲಿ ನಿಲ್ಲಿಸುವುದು ಎಂದರು ರಾಯರು. ಅವರು ಹೇಳುವುದರಲ್ಲಿ ನ್ಯಾಯವಿದೆ ಎಂದರು ಸಾಹೇಬರು. ಹೀಗೆ ಅವರಿಬ್ಬರೂ ಮೂರನೇ ಸಲ ಒಂದೇ ಪಕ್ಷದಲ್ಲಿ ನಿಂತರು.

ಎಣಿಕೆಯ ದಿನ ರಾಯರು ಡೈರಿಯ ರಬ್ಬರ್ ಬ್ಯಾಂಡ್ ಬಿಚ್ಚಿ ಓದಿದಾಗ ಕೇಳಲು ಸಾಹೇಬರೊಬ್ಬರೇ ಇದ್ದರು. ನಾನು ಅವತ್ತು ಗೌಡರ ಜಗುಲಿಯಲ್ಲಿ ಕೂತು ಹೆಸರು ಸೇರಿಸುವ ಅರ್ಜಿ ತುಂಬುತ್ತಿದ್ದೆ. ಅವರು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು, ನಾನು ಒಂದೊಂದನ್ನೂ ಬರೆದು ಓದಿ ತೋರಿಸಿದೆ. ಮನೆ ನಂಬರು ಬಂದಾಗ ಹಳೆಯದನ್ನೂ ಪಕ್ಕದಲ್ಲಿ ಬರೆಯಿರಿ ಎಂದರು. ಅದಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ. ಕ್ಷಮಿಸಿದೆ ಎಂದು ಅವರು ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಸೊಸೆ ಕಾಫಿ ಕೊಟ್ಟಳು.

ಹೊಸ ಗುರುತಿನ ಚೀಟಿ ಬಂದದ್ದು ಮಳೆಗಾಲ ಮುಗಿಯುವಾಗ. ಗೌಡರು ಅಷ್ಟು ತಿಂಗಳ ಮೇಲೆ ಬೆಂಚಿಗೆ ಬಂದು, ಅದನ್ನು ಮೊದಲು ರಾಯರ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ರಾಯರು ಓದಿದರು. ಆಮೇಲೆ ಸಾಹೇಬರು ಓದಿದರು. ಕೊನೆಗೆ ನಾನು. ಯಾರೂ ನಗಲಿಲ್ಲ. ಸಾಹೇಬರ ಚಪ್ಪಡಿ ಅದೇ ದೀಪಾವಳಿಗೆ ಹೋಯಿತು. ರಾಯರು ಒಡೆಸದೆ, ಕೈ ಹಾಕಿ ಹೂಳು ತೆಗೆಯುವಷ್ಟು ಎರಡು ಕಡೆ ಕಬ್ಬಿಣದ ಜಾಲರಿ ಹಾಕಿಸಿದರು. ಅವತ್ತಿನಿಂದ ಲೇಔಟಿಗೆ ಯಾರು ಪಟ್ಟಿ ಹಿಡಿದು ಬಂದರೂ ಗೌಡರು ಅವರ ಪಕ್ಕದಲ್ಲಿ ಕೂರುತ್ತಾರೆ. ಒಂದು ಹೆಸರಿಗೆ ಉತ್ತರ ಸಿಕ್ಕದಿದ್ದರೆ ಎದ್ದು ಹೋಗಿ ಬಾಗಿಲು ತಟ್ಟಿ ಕೇಳಿಕೊಂಡು ಬರುತ್ತಾರಂತೆ. ಬಿಟ್ಟುಹೋದವರಿಗೆ ಫೋನ್ ಮಾಡುತ್ತಾರೆ.

ಹಾಗಾಗಿಯೇ ನನಗೆ ಫೋನ್ ಬಂದದ್ದು. ನಾನು ಪಾರ್ಕಿನ ಹತ್ತಿರ ಬರುವಾಗ ಬೆಂಚಿನ ಮೇಲೆ ಪಟ್ಟಿ ಹರಡಿತ್ತು. ಈ ಸಲ ಬಂದದ್ದು ಒಬ್ಬರು ಶಾಲಾ ಮೇಷ್ಟ್ರು. ರಾಯರು ಈಗ ಕೋಲು ಹಿಡಿಯುತ್ತಾರೆ. ಸಾಹೇಬರ ಜೊತೆ ಇನ್ನೂ ಡೆಲ್ಲಿಯ ವಿಷಯವೇ ನಡೆದಿತ್ತು. ಗೌಡರು ನನ್ನನ್ನು ನೋಡಿ ತಲೆಯಾಡಿಸಿ, ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಸರೋಜಾ, ಮನೆ ನಂಬರ್ ಮೂವತ್ತೊಂದು" ಎಂದು ಮೇಷ್ಟ್ರು ಓದಿದರು. "ಇದಾರಾ?"

ರಾಯರು ಏನೋ ಹೇಳಹೊರಟರು. ಗೌಡರು ಕೈ ಅಡ್ಡ ಹಿಡಿದರು. "ಅವರ್ನೇ ಕೇಳಿ. ಬಂದವ್ರೆ."

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಮಾತ್ರ ಹಳೆಯ ವಾಕ್ಯ. "ಇಲ್ಲ. ಆ ಹೆಸರಿನವರು ಈಗ ಇಲ್ಲಿ ಇಲ್ಲ" ಎಂದೆ. ಈ ಸಲ ಧ್ವನಿ ಸ್ವಲ್ಪ ಅಲುಗಿತು.

ಮೇಷ್ಟ್ರು ಹೆಸರಿನ ಮುಂದೆ ಬರೆಯಲು ಪೆನ್ನು ಊರಿದರು. ಗೌಡರು ಹಾಳೆಯ ಮೇಲೆ ಅಂಗೈ ಇಟ್ಟರು.

"ಇಲ್ಲ ಅಂತ ಬರೀಬ್ಯಾಡಿ ಸ್ವಾಮಿ" ಎಂದರು. "ಯಲಂಕದಾಗವ್ರೆ ಅಂತ ಬರ್ಕಳಿ."